ಹಳೇ ಜಾವಾಗೆ ಪೂರ್ತಿ ಎಸ್‌ಎಸ್ ಬೋಲ್ಟ್ ಬೇಡ

ಪ್ರಶ್ನೆ: ಸರ್, ಅಜ್ಜನ ಜಾವಾ ಬೈಕ್ ರಿಸ್ಟೋರ್ ಮಾಡಿಸ್ತಿದೀನಿ. ಮನೆ ಇರೋದು ಭಾಗಮಂಡಲ ಹತ್ರ, ಮಳೆ ನಿಮಗೇ ಗೊತ್ತು. ತುಕ್ಕಿನ ಕಾಟವೇ ಬೇಡ ಅಂತ ಎಲ್ಲ ಬೋಲ್ಟು ನಟ್ಟೂ ಎಸ್‌ಎಸ್, ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್, ಹಾಕಿಸ್ಬಿಡ್ಲಾ? ಅಂಗಡಿಯವ್ರು ಅದೇ ಸ್ಟ್ರಾಂಗು ಅಂತಿದಾರೆ.

ಉತ್ತರ: ಅಂಗಡಿಯವ್ರ ಈ ಮಾತು ಕೇಳಿ ಕೇಳಿ ಸಾಕಾಗಿದೆ. ತುಕ್ಕು ಹಿಡಿಯಲ್ಲ ಅನ್ನೋದು ಬೇರೆ, ಗಟ್ಟಿ ಅನ್ನೋದು ಬೇರೆ. ಸಾಮಾನ್ಯವಾಗಿ ಸಿಗೋ ಒಳ್ಳೇ ಎಸ್‌ಎಸ್ ಬೋಲ್ಟ್ ಅಂದ್ರೆ ಎ2-70 ಅನ್ನೋ ದರ್ಜೆ, ಅದು ಎಳೆತ 450 ಮೆಗಾಪ್ಯಾಸ್ಕಲ್ (ಒತ್ತಡದ ಅಳತೆ) ಹತ್ರ ಬಂದ್ರೆ ಎಳೆದು ಉದ್ದ ಆಗೋಕೆ ಶುರು, 8.8 ದರ್ಜೆಯ ಹೈಟೆನ್ಸೈಲ್ (ಹೆಚ್ಚು ಎಳೆತ ತಡ್ಕೊಳೋ ಉಕ್ಕಿನ ಬೋಲ್ಟ್) ಆದ್ರೆ 640ರವರೆಗೆ ತಡ್ಕೊಳುತ್ತೆ. ಎಳೆದ ಬೋಲ್ಟ್ ತುಂಡಾಗ್ದೆ ಇದ್ರೂ ಹಿಡಿತ ಹೋಗಿರುತ್ತೆ, ಮೇಲಿಂದ ನೋಡಿದ್ರೆ ಪಳಪಳ ಹೊಳೀತಾ ಚೆನ್ನಾಗೇ ಕಾಣುತ್ತೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಒತ್ಕೊಂಡೇ ಇರ್ತೀರಲ್ಲ, ಆಗ ಡ್ರಮ್ಮಿನ ಪ್ಲೇಟ್ ತಿರುಗದ ಹಾಗೆ ಹಿಡಿಯೋದು ಆಂಕರ್ ಬೋಲ್ಟ್. ಅಲ್ಲಿ, ಆಕ್ಸಲ್‌ಗೆ, ಹ್ಯಾಂಡಲ್ ಕ್ಲಾಂಪ್‌ಗೆ, ಎಂಜಿನ್ ಮೌಂಟಿಂಗ್‌ಗೆ ಎಸ್‌ಎಸ್ ಬೇಡವೇ ಬೇಡ. ಝಿಂಕ್ ಪ್ಲೇಟಿಂಗ್ ಇರೋ ಹೈಟೆನ್ಸೈಲ್ ಹಾಕಿ, ಮಳೆಗಾಲ ಮುಗಿದ ಮೇಲೆ ಒಂದ್ಸಲ ಬಿಚ್ಚಿ ನೋಡಿ.

ಮಡ್‌ಗಾರ್ಡ್, ಚೈನ್‌ಕೇಸ್, ಟೂಲ್‌ಬಾಕ್ಸ್, ನಂಬರ್ ಪ್ಲೇಟು, ಕ್ರ್ಯಾಂಕ್‌ಕೇಸ್ ಕವರಿನ ಸ್ಕ್ರೂ, ಇಲ್ಲೆಲ್ಲ ಎಸ್‌ಎಸ್ ಧಾರಾಳವಾಗಿ ಹಾಕಿ. ಆದ್ರೆ ಏನೂ ಹಚ್ಚದೆ ಹಾಕ್ಬೇಡಿ, ಆಂಟಿ-ಸೀಜ್ (ಥ್ರೆಡ್ ಅಂಟಿಕೊಳ್ಳದ ಹಾಗೆ ತಡೆಯೋ ಪೇಸ್ಟ್) ಹಚ್ಚಿ. ಒಂದ್ಸಲ ಸೈಲೆನ್ಸರ್ ಕ್ಲಾಂಪಿನ 8 ಎಂಎಂ ಎಸ್‌ಎಸ್ ಬೋಲ್ಟ್‌ಗೆ ಎಸ್‌ಎಸ್ ನಟ್ಟೇ ಹಾಕಿ, ಏನೂ ಹಚ್ಚದೆ ಏರ್ ಗನ್ನಲ್ಲಿ ಬಿಟ್ಟೆ, ಅರ್ಧಕ್ಕೆ ಕಿರ್ ಅಂತ ನಿಂತುಹೋಯ್ತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಮುಟ್ಟಿದ್ರೆ ಕೈ ಸುಡ್ತಿತ್ತು. ಹ್ಯಾಕ್ಸಾದಲ್ಲಿ ಕೊಯ್ದು ನೋಡಿದ್ರೆ ಎರಡರ ಥ್ರೆಡ್ಡೂ ಕಿತ್ತು ಒಂದಕ್ಕೊಂದು ಬೆಸುಗೆ ಹಾಕಿದ ಹಾಗೆ ಅಂಟಿತ್ತು. ಆವತ್ತಿಂದ ಎಸ್‌ಎಸ್ ನಟ್ಟು ಕೈ ಪಾನದಲ್ಲೇ, ನಿಧಾನಕ್ಕೆ. ಆಂಟಿ-ಸೀಜ್ ಹಚ್ಚಿದ ಮೇಲೆ ಜಾರಿಕೆ ಜಾಸ್ತಿ, ಹಾಗಾಗಿ ಮೊದಲಿನಷ್ಟೇ ಬಿಗಿ ಮಾಡೋಕೆ ಹೋದ್ರೆ ಅಲ್ಯೂಮಿನಿಯಂ ಕೇಸಿಂಗಿನ ಥ್ರೆಡ್ಡೇ ಕಿತ್ಕೊಂಡು ಬರುತ್ತೆ, ಸ್ವಲ್ಪ ಕಡಿಮೆ ಬಿಗಿ ಮಾಡಿ. ಆಂಟಿ-ಸೀಜ್ ಹಚ್ಚೋಕೆ ಇನ್ನೊಂದು ಕಾರಣನೂ ಇದೆ: ಎಸ್‌ಎಸ್ಸು ಅಲ್ಯೂಮಿನಿಯಂ ಸೇರಿದ ಕಡೆ ನೀರು ನಿಂತ್ರೆ ಸವೆಯೋದು ಅಲ್ಯೂಮಿನಿಯಂ. ಸ್ಕ್ರೂ ತಲೆ ಸುತ್ತ ಬಿಳಿ ಪುಡಿ ಕಂಡ್ರೆ ಅದೇ ಅಂತ ತಿಳ್ಕೊಳ್ಳಿ.

ಇನ್ನು ದಯವಿಟ್ಟು ಗಾಡೀನ ತೋಟದ ಗೊಬ್ಬರದ ಶೆಡ್ಡಲ್ಲಿ ನಿಲ್ಲಿಸ್ಬೇಡಿ. ಪೊಟ್ಯಾಷ್ ಅಂತ ತರ್ತೀವಲ್ಲ, ಅದು ಹೆಚ್ಚಾಗಿ ಪೊಟ್ಯಾಸಿಯಂ ಕ್ಲೋರೈಡ್, ಆ ಪುಡಿ ತೇವಕ್ಕೆ ಕರಗಿ ಕೂತ್ರೆ ಎಸ್‌ಎಸ್ಸಿಗೂ ಸೂಜಿ ಚುಚ್ಚಿದ ಹಾಗೆ ಕಂದು ಚುಕ್ಕೆ ಬರುತ್ತೆ. ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯೋ ಪಂಪೂ ಪಕ್ಕದಲ್ಲಿ ಬೇಡ, ಅದರಲ್ಲಿರೋ ಮೈಲುತುತ್ತ ಅಲ್ಯೂಮಿನಿಯಂನ ತಿನ್ನುತ್ತೆ.

ಪ್ರಶ್ನೆ: ಮ್ಯಾಗ್ನೆಟ್ ಹಿಡಿದ್ರೆ ಡೂಪ್ಲಿಕೇಟ್ ಎಸ್‌ಎಸ್ ಅಂತಾನಾ?

ಉತ್ತರ: ಅಲ್ಲ. ಬೋಲ್ಟ್ ತಲೆಯನ್ನ ಕಾಯಿಸದೆ ಒತ್ತಿ ಮಾಡಿರ್ತಾರೆ, ಅದಕ್ಕೆ ಅಸಲಿ 304 ದರ್ಜೆಯ ಎಸ್‌ಎಸ್ ಕೂಡ ಸ್ವಲ್ಪ ಎಳೆಯುತ್ತೆ. ತಲೆ ಮೇಲೆ ಎ2-70 ಅಂತ, ಜೊತೆಗೆ ಕಂಪನಿ ಗುರುತು ಇದೆಯಾ ನೋಡಿ. ಗುರುತೇ ಇಲ್ಲದ 'ಫುಲ್ ಎಸ್‌ಎಸ್ ಕಿಟ್'ಗೆ ದುಡ್ಡು ಹಾಕ್ಬೇಡಿ.

ಪ್ರಶ್ನೆ: ಹಳೇ ಬುಲೆಟ್‌ಗೆ 8 ಎಂಎಂ ಎಸ್‌ಎಸ್ ಬೋಲ್ಟ್ ಎರಡು ಸುತ್ತು ಹೋಗಿ ಟೈಟಾಗುತ್ತೆ, ಟ್ಯಾಪ್ ಹೊಡೆದು ಹೊಸ ಥ್ರೆಡ್ ಮಾಡ್ಲಾ?

ಉತ್ತರ: ಬೇಡ. ಅದು 5/16 ಇಂಚಿನ ಬಿಎಸ್‌ಎಫ್ (ಹಳೇ ಬ್ರಿಟಿಷ್ ಅಳತೆಯ ಥ್ರೆಡ್) ಇರ್ಬೇಕು, ಇಂಚಿಗೆ 22 ಥ್ರೆಡ್, ನಿಮ್ಮ 8 ಎಂಎಂ ಬೋಲ್ಟಲ್ಲಿ ಬರೀ 20 ಚಿಲ್ಲರೆ. ಥ್ರೆಡ್ ಗೇಜ್ ಇಟ್ಟು ನೋಡಿ ಅದೇ ಸೈಜ್ ತರಿಸಿ.