ಒಂದು ವರ್ಷದಿಂದ ಯೋಗ ಮಾಡ್ತಿದೀನಿ, ಶೀರ್ಷಾಸನ ಅಂದ್ರೆ ಇನ್ನೂ ಭಯ. ಇದು ಹೋಗುತ್ತಾ?

ಹೋಗುತ್ತೆ. ಉಳಿದ ಆಸನ ಎಲ್ಲಾ ಬರುತ್ತೆ, ತಲೆ ನೆಲಕ್ಕಿಟ್ಟ ತಕ್ಷಣ ಕೈಕಾಲು ನಡುಗುತ್ತೆ, ನನಗಿಂತ ಆಮೇಲೆ ಸೇರಿದವ್ರೆಲ್ಲ ಮಾಡ್ತಿದಾರೆ, ನಾನು ಇದ್ದಲ್ಲೇ ಇದೀನಿ ಅಂತ ಬರ್ದಿದೀರ. ನಾನು ಹಾಸನದವಳು, ಮದುವೆ ಆದಮೇಲೆ ಪುಣೆಗೆ ಬಂದೆ, ಕೋಥ್ರೂಡಲ್ಲಿ ನಮ್ಮ ಸೊಸೈಟಿ ಹಾಲಲ್ಲೇ ನಡೆಯೋ ಕ್ಲಾಸಿಗೆ ಹೋಗ್ತೀನಿ, ಅಯ್ಯಂಗಾರ್ ಪದ್ಧತಿ, ಅಂದ್ರೆ ಹಗ್ಗ, ಕುರ್ಚಿ ಥರದ ಆಸರೆ ಇಟ್ಕೊಂಡು ಆಸನ ಕಲಿಸೋ ಯೋಗ. ಇದೇ ಭಯ ನನಗೂ ತುಂಬಾ ದಿನ ಇತ್ತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಧೈರ್ಯ ಮಾಡಿ ಒಂದ್ಸಲ ಕಾಲು ಎತ್ತಿಬಿಡಿ ಅನ್ನೋರು ಸಿಗ್ತಾರೆ, ಅವರ ಮಾತು ದಯವಿಟ್ಟು ಕೇಳ್ಬೇಡಿ. ಕಾಲು ಝಾಡಿಸಿ ಮೇಲೆ ಹೋದವರು ಗೋಡೆಗೆ ಧಡ್ ಅಂತ ಬಡೀತಾರೆ, ಆ ಭಾರ ಎಲ್ಲಾ ಕತ್ತಿನ ಮೇಲೆ ಬೀಳುತ್ತೆ, ಮಾರನೇ ದಿನ ಭಯ ಡಬಲ್ ಆಗಿರುತ್ತೆ. ನನಗೆ ಭಯ ಬಿಟ್ಟಿದ್ದು ಕೆಳಗೆ ಇಳಿಯೋದು ಸರಿಯಾಗಿ ಬಂದಮೇಲೆ. ನಮ್ಮ ಟೀಚರ್ ಮರಾಠಿಯವರು, ವಯಸ್ಸಾದವರು, ಎಲ್ಲರೂ ಕಾಕೂ ಅಂತೀವಿ. ಅವರು ಎಷ್ಟೋ ದಿನ ನನ್ನ ಕೈಲಿ ಇಳಿಯೋದನ್ನೇ ಮಾಡಿಸಿದ್ರು. ತಲೆ ಇಟ್ಟು ಸೊಂಟ ಎತ್ತಿ ಪಾದ ಹತ್ರ ಹತ್ರ ತರೋದು, ವಾಪಸ್ ಹೋಗೋದು. ಆಮೇಲೆ ಒಂದು ಮಂಡಿ ಮಡಚಿ ಎದೆ ಹತ್ರ ತಂದು, ಮತ್ತೆ ಆ ಕಾಲನ್ನ ಸದ್ದಾಗದ ಹಾಗೆ ನೆಲಕ್ಕೆ ಇಡೋದು. ಬೇಕು ಅಂದಾಗ ವಾಪಸ್ ಬರಬಹುದು ಅಂತ ಒಂದ್ಸಲ ಮೈಗೆ ಗೊತ್ತಾಗಿಬಿಟ್ರೆ ಅದು ಅಷ್ಟು ಹಟ ಮಾಡಲ್ಲ.

ಇನ್ನೊಂದು, ನಿಮ್ಮ ಭಯ ಕರೆಕ್ಟಾಗಿ ಯಾವ ಘಳಿಗೇಲಿ ಬರುತ್ತೆ ನೋಡ್ಕೊಳ್ಳಿ. ಶೀರ್ಷಾಸನ ಪೂರ್ತಿ ಭಯ ಅಂತ ನಮಗೆ ಅನ್ಸುತ್ತೆ ಅಷ್ಟೇ. ನನಗೆ ಎರಡನೇ ಕಾಲಿನ ಹೆಬ್ಬೆರಳು ನೆಲ ಬಿಡೋ ಆ ಒಂದು ಕ್ಷಣ ಮಾತ್ರ ಬರ್ತಿತ್ತು. ಆಗ ಉಸಿರು ನಿಂತುಬಿಡೋದು, ಹೆಣೆದಿರೋ ಬೆರಳು ಎಷ್ಟು ಬಿಗಿ ಆಗೋದು ಅಂದ್ರೆ ಗೆಣ್ಣು ಬೆಳ್ಳಗಾಗೋದು, ಹಲ್ಲು ಕಚ್ಚಿರ್ತಿದ್ದೆ. ಕಾಕೂ ಪಕ್ಕದಲ್ಲಿ ಕೂತು ನನ್ನ ಬೆರಳು ನೋಡ್ತಾನೇ ಹೇಳೋರು, ಘಾಬರೂ ನಕಾ, ಶ್ವಾಸ ಸೋಡಾ, ಹೆದರ್ಬೇಡ ಉಸಿರು ಬಿಡು ಅಂತ. ಉಸಿರು ಬಿಟ್ರೆ ಬೆರಳು ಸಡಿಲ ಆಗೋದು, ಆಮೇಲೇ ಕಾಲು ಎತ್ತಿಸೋರು, ಉಸಿರು ಹಿಡಿದಿದ್ರೆ ಇಲ್ಲ.

ಆಮೇಲೆ ಭಯ ಎಲ್ಲಾ ಸುಳ್ಳೇ ಇರಬೇಕು ಅಂತೇನಿಲ್ಲ, ಎಷ್ಟೋ ಸಲ ಕತ್ತಿಗೆ ನಿಜವಾಗ್ಲೂ ಭಾರ ಬೀಳ್ತಿರುತ್ತೆ, ಮೈ ಅದನ್ನೇ ಹೇಳ್ತಿರುತ್ತೆ. ಮಡಚಿದ ಜಮಖಾನದ ಮೇಲೆ ಮೊಣಕೈ ಊರಿ, ಭುಜದ ಅಗಲಕ್ಕಿಂತ ಜಾಸ್ತಿ ಹರಡಬಾರದು, ನಡುನೆತ್ತಿ ನೆಲಕ್ಕೆ ತಾಗಬೇಕು, ಹಣೆ ಕಡೆ ಬರಬಾರದು, ಮುಂಗೈಯಿಂದ ನೆಲ ಒತ್ತಿ ಭುಜನ ಕಿವಿಯಿಂದ ದೂರ ಎತ್ತಬೇಕು. ಭುಜ ಎದ್ದಾಗ ಕತ್ತು ಹಗುರ ಆಗುತ್ತೆ, ನನಗೆ ಅರ್ಧ ಭಯ ಅಲ್ಲೇ ಹೋಯ್ತು. ನಿಮ್ಮ ಕ್ಲಾಸಲ್ಲಿ ಗೋಡೆಗೆ ಹಗ್ಗ ಇದ್ರೆ ಸೊಂಟಕ್ಕೆ ಹಗ್ಗ ಹಾಕಿ ತಲೆಕೆಳಗಾಗಿ ನೇತಾಡೋದು ಮೊದಲು ಕಲೀರಿ, ತಲೆ ನೆಲಕ್ಕೆ ತಾಗೋದೇ ಇಲ್ಲ, ಪ್ರಪಂಚ ಉಲ್ಟಾ ಕಾಣೋದು ಅಭ್ಯಾಸ ಆಗುತ್ತೆ.

ಈ ಹಗ್ಗ, ಬೆಲ್ಟು, ಕುರ್ಚಿ, ಮರದ ಇಟ್ಟಿಗೆ ಎಲ್ಲಾ ಇಷ್ಟು ವಿಸ್ತಾರವಾಗಿ ಬಳಕೆಗೆ ತಂದವರು ಬಿ.ಕೆ.ಎಸ್. ಅಯ್ಯಂಗಾರ್, ನಮ್ಮ ಕೋಲಾರ ಜಿಲ್ಲೆ ಬೆಳ್ಳೂರಲ್ಲಿ 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಬಂದು ತೀರಾ ನಿಶ್ಶಕ್ತರಾಗಿದ್ರು. 1937ರಲ್ಲಿ ಆರು ತಿಂಗಳು ಪಾಠ ಮಾಡೋಕೆ ಅಂತ ಪುಣೆಗೆ ಬಂದವರು 2014ರಲ್ಲಿ ತೀರಿಕೊಳ್ಳೋವರೆಗೂ ಇದೇ ಊರಲ್ಲಿದ್ರು, 1975ರಲ್ಲಿ ಇಲ್ಲೇ ಹೆಂಡತಿ ರಮಾಮಣಿ ಹೆಸರಲ್ಲಿ ಸಂಸ್ಥೆ ಕಟ್ಟಿದ್ರು. ಕೈಲಾಗದ ಮೈ ಹೇಗಿರುತ್ತೆ ಅಂತ ಸ್ವತಃ ಅನುಭವಿಸಿದವರು. ಹಾಗಾಗಿ ಹಗ್ಗ, ಕುರ್ಚಿ ಹಿಡ್ಕೊಂಡು ಮಾಡೋಕೆ ಸಂಕೋಚ ಪಡೋದು ಬೇಡ, ಅದು ಚೀಟಿಂಗ್ ಅಲ್ಲ. ಇನ್ನು ಭಯ ಇದೆ ಅಂತ ನಾಚಿಕೆನೂ ಬೇಡ. ಯೋಗಸೂತ್ರದಲ್ಲಿ ಪತಂಜಲಿ ಹೇಳೋ ಐದು ಕ್ಲೇಶಗಳಲ್ಲಿ, ಅಂದ್ರೆ ಮನಸ್ಸನ್ನ ಕಾಡೋ ಸಂಕಟಗಳಲ್ಲಿ, ಕೊನೇದು ಅಭಿನಿವೇಶ, ಪ್ರಾಣದ ಮೇಲಿನ ಆಸೆ, ಸಾವಿನ ಭಯ, ಅದು ವಿದ್ವಾಂಸರನ್ನೂ ಬಿಡಲ್ಲ ಅಂತ ಸೂತ್ರದಲ್ಲೇ ಇದೆ.

ಮುಂದೆ ಹೋಗ್ತಿಲ್ಲ ಅನ್ನೋ ನಿಮ್ಮ ಬೇಜಾರಿಗೆ ನಮ್ಮ ಕ್ಲಾಸಿನ ಒಬ್ಬರ ವಿಷಯ ಹೇಳ್ಬೇಕು. ವಿಜಯಪುರದ ಕಡೆಯವರು, ರಿಟೈರ್ ಆಗಿ ಮಗನ ಮನೆಗೆ ಬಂದಿದಾರೆ, ಕತ್ತಿನ ಸ್ಪಾಂಡಿಲೈಟಿಸ್ ಇದೆ, ಶೀರ್ಷಾಸನ ಅವರಿಗೆ ಬೇಡವೇ ಬೇಡ. ಬಾತ್‌ರೂಮಲ್ಲಿ ಜಾರಿ ಬಿದ್ದಮೇಲೆ ನೆಲಕ್ಕೆ ಕೂರೋದಕ್ಕೇ ಹೆದರೋರು. ಕಾಕೂ ಅವರಿಗೆ ಕುರ್ಚಿ ಹಿಡಿದು ಒಂದು ಮಂಡಿ ಊರಿ ಕೆಳಗೆ ಕೂತು, ಪಕ್ಕಕ್ಕೆ ತಿರುಗಿ ಏಳೋದನ್ನ ಮಾಡಿಸ್ತಾ ಹೋದ್ರು, ಆಮೇಲೆ ಕುರ್ಚಿ ಬದಲು ಇಟ್ಟಿಗೆ, ಆಮೇಲೆ ಬರೀ ಕೈ. ಮೊನ್ನೆ ಅವರೇ ಹೇಳಿದ್ರು, "ಈಗ ಮೊಮ್ಮಗನ ಜೋಡಿ ನೆಲದ ಮ್ಯಾಲೆ ಕುಂತು ಆಡ್ತೀನಿ ನೋಡ್ರೀ, ಏಳಾಕ ಯಾರ ಕೈನೂ ಬೇಡ." ನನ್ನ ಪ್ರಕಾರ ನಮ್ಮ ಕ್ಲಾಸಲ್ಲಿ ಎಲ್ಲರಿಗಿಂತ ಮುಂದೆ ಹೋಗಿರೋರು ಅವರೇ, ಯಾರ ಕಾಲು ಎಷ್ಟು ಮೇಲಿದೆ ಅಂತ ನೋಡಿ ಇದನ್ನ ಅಳೆಯೋಕಾಗಲ್ಲ.

ಬಿಪಿ ಜಾಸ್ತಿ ಇದ್ರೆ, ಗ್ಲಾಕೋಮಾ ಅಥವಾ ರೆಟಿನಾ ತೊಂದ್ರೆ ಇದ್ರೆ ಶೀರ್ಷಾಸನ ಮಾಡ್ಲೇಬೇಡಿ, ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡ ತುಂಬಾ ಏರುತ್ತೆ. ಕತ್ತು ನೋವಿದ್ರೆ ಡಾಕ್ಟರ್ ಹತ್ರ ಕೇಳಿ ಆಮೇಲೆ ಟೀಚರ್‌ಗೆ ಹೇಳಿ.

ಗೋಡೆ ಆಸರೆ ಯಾವಾಗ ಬಿಡೋದು ಅಂತನೂ ಕೇಳಿದೀರ. ಸದ್ಯಕ್ಕೆ ಕೋಣೆ ಮೂಲೇಲಿ ಮಾಡಿ, ಎರಡೂ ಕಡೆ ಗೋಡೆ ಇರುತ್ತೆ, ಪಕ್ಕಕ್ಕೆ ಬೀಳ್ತೀನಿ ಅನ್ನೋ ಹೆದರಿಕೆ ಇರಲ್ಲ. ಮೇಲಿದ್ದಾಗ ಮಾಮೂಲಿ ಉಸಿರಾಡ್ತಾ, ಟೀಚರ್ ಏನಾದ್ರೂ ಕೇಳಿದ್ರೆ ನೆಟ್ಟಗೆ ಉತ್ತರ ಕೊಡೋ ಹಾಗಾದ್ರೆ ಒಂದು ಹಿಮ್ಮಡಿ ಗೋಡೆಯಿಂದ ಬಿಡಿಸಿ ನೋಡಿ, ಅದೂ ಅವರು ಪಕ್ಕದಲ್ಲಿದ್ದಾಗ. ಮನೇಲಿ ಒಬ್ಬರೇ ಮಾಡುವಾಗ ಗೋಡೆ ಇರ್ಲಿ, ನಾನು ಈಗಲೂ ಹಾಗೇ ಮಾಡೋದು.