ಕಣ್ಣೀರು ಸಾಕ್ಷಿಯಾದೀತೇ?

ನಾಟಕದಲ್ಲಿ ತಾಯಿ ತೀರಿಕೊಳ್ಳುವ ದೃಶ್ಯಕ್ಕೆ ನೀವು ಬಿಕ್ಕಿಬಿಕ್ಕಿ ಅತ್ತಿರಿ, ಪಕ್ಕದಲ್ಲಿದ್ದ ಗೆಳೆಯರ ಕಣ್ಣು ಒದ್ದೆಯಾಗಲಿಲ್ಲ. ‘ನಮ್ಮಿಬ್ಬರಲ್ಲಿ ಸಹೃದಯ, ಅಂದರೆ ಕಲೆಯನ್ನು ನಿಜಕ್ಕೂ ಸವಿಯಬಲ್ಲವರು, ಯಾರು?’ ಎಂದು ಕೇಳಿದ್ದೀರಿ. ತಾಯಿಯನ್ನು ಈಚೆಗಷ್ಟೇ ಕಳೆದುಕೊಂಡದ್ದನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಉತ್ತರ ಹೊರಡಬೇಕಾದ್ದು ಆ ಕೊನೆಯ ಸಾಲಿನಿಂದಲೇ.

ವಿಭಾವ (ಭಾವದ ಕಾರಣ), ಅನುಭಾವ (ಭಾವ ಹೊರಗೆ ಕಾಣುವ ಬಗೆ), ವ್ಯಭಿಚಾರಿಭಾವ (ಬಂದುಹೋಗುವ ಭಾವ) ಇವು ಕೂಡಿದಾಗ ರಸ, ಅಂದರೆ ಕಲೆಯಲ್ಲಿ ಸವಿಯುವ ಭಾವ, ಎನ್ನುತ್ತದೆ ನಾಟ್ಯಶಾಸ್ತ್ರದ ಭರತನ ಸೂತ್ರ. ನಿಮ್ಮ ದೃಶ್ಯದಲ್ಲಿ ಅಗಲಿದ ತಾಯಿ ಆಲಂಬನ ವಿಭಾವ, ಭಾವಕ್ಕೆ ಆಸರೆ. ಆಕೆ ಬಿಟ್ಟುಹೋದ ಸೀರೆಯೋ ಕನ್ನಡಕವೋ ಉದ್ದೀಪನ, ಭಾವವನ್ನು ಕೆರಳಿಸುವ ವಿಭಾವ. ಮಗನ ನಿಟ್ಟುಸಿರು, ಅಳು ಅನುಭಾವ. ನಡುವೆ ಸುಳಿದುಹೋಗುವ ಚಿಂತೆ, ದೈನ್ಯ, ಸ್ಮೃತಿ ವ್ಯಭಿಚಾರಿಗಳು, 33ರ ಪೈಕಿ ಮೂರು. ಶೋಕವೆಂಬ ಸ್ಥಾಯಿಯ, ಅಂದರೆ ನೆಲೆನಿಂತ ಮೂಲಭಾವದ, ಹೆಸರು ಸೂತ್ರದಲ್ಲಿ ಇಲ್ಲವೇ ಇಲ್ಲ. ಅದು ನೋಡುಗನೊಳಗೆ ವಾಸನೆಯಾಗಿ, ಅಂದರೆ ಸುಪ್ತ ಸಂಸ್ಕಾರವಾಗಿ, ಮೊದಲೇ ಇರುತ್ತದೆ. ರಂಗ ಅದನ್ನು ಎಬ್ಬಿಸಬೇಕು, ಆದರೆ ‘ನನ್ನದು’ ಎಂಬ ಗಂಟು ಬಿಚ್ಚಿ ಎಬ್ಬಿಸಬೇಕು. ಸಾಧಾರಣೀಕರಣ ಎಂದರೆ ಇದೇ.

ಸುಮಾರು ಸಾವಿರ ವರ್ಷದ ಹಿಂದೆ ಕಾಶ್ಮೀರದ ಕಾವ್ಯಮೀಮಾಂಸಕ ಅಭಿನವಗುಪ್ತ ರಸಕ್ಕೆ ಏಳು ವಿಘ್ನಗಳನ್ನು ಗುರುತಿಸಿದ. ಕಥೆ ನಂಬಿಕೆಗೆ ದೂರವಾಗುವುದು ಮೊದಲನೆಯದು. ಮೂರನೆಯದು ನಿಮಗೆ ಬೇಕಾದದ್ದು: ತನ್ನದೇ ಸುಖದುಃಖಕ್ಕೆ ನೋಡುಗ ವಶನಾಗುವುದು. ರಂಗದ ಮೇಲಿನ ತಾಯಿ ನಿಮ್ಮ ತಾಯಿಯಾದ ಗಳಿಗೆಯಲ್ಲಿ ನಾಟಕ ನಿಂತುಹೋಯಿತು. ಮುಂದಿನದು ನಿಮ್ಮ ಮನೆಯ ದುಃಖ. ಇದು ತಪ್ಪಲ್ಲ, ಆದರೆ ಕರುಣರಸವೂ ಅಲ್ಲ. ಇದಕ್ಕೆ ಆತ ಸೂಚಿಸಿದ ಮದ್ದು ಉಪದೇಶವಲ್ಲ, ವಾದ್ಯ, ಗಾಯನ, ರಂಗಮಂಟಪದ ಚೆಲುವು. ಒಳಗೇ ಕುದಿಯುವ ಮನಸ್ಸನ್ನು ಹೊರಗೆಳೆಯುವುದು ಅವುಗಳ ಕೆಲಸ. ಹಿನ್ನೆಲೆ ಸಂಗೀತವನ್ನು ಪ್ರೇಕ್ಷಕರಿಗೆ ಅಳು ತರಿಸುವುದಕ್ಕೆಂದೇ ಬಳಸುವ ಈಗಿನ ನಿರ್ದೇಶಕರು ಇದನ್ನು ತಲೆಕೆಳಗು ಮಾಡಿದ್ದಾರೆಂದೇ ನಮ್ಮ ಅನಿಸಿಕೆ.

ಏಳನೆಯ ವಿಘ್ನ ಸಂಶಯ. ಕಣ್ಣೀರು ಶೋಕಕ್ಕೂ ಬಂದೀತು, ಆನಂದಕ್ಕೂ ಬಂದೀತು, ಕಣ್ಣಿನ ರೋಗಕ್ಕೂ ಬಂದೀತು. ಪಾತ್ರ ಅತ್ತ ಮಾತ್ರಕ್ಕೆ ಏನೂ ಸಿದ್ಧವಾಗದು. ಬಂಧುವಿನ ಸಾವು, ಆ ಅಳು, ಆ ದೈನ್ಯ ಒಟ್ಟಿಗೆ ಕಂಡಾಗಲೇ ಸಂಶಯ ಹರಿಯುತ್ತದೆ. ಪಾತ್ರಕ್ಕೆ ಹೇಳಿದ ಮಾತು ಪ್ರೇಕ್ಷಕನಿಗೂ ಸಲ್ಲುತ್ತದೆ.

ಹಾಗೆಂದು ಗೆಳೆಯರು ಗೆದ್ದರೆನ್ನಬೇಡಿ. ಒಣಗಣ್ಣು ತನ್ಮಯತೆಯಿಂದಲೂ ಆಗಬಹುದು, ಆಕಳಿಕೆಯಿಂದಲೂ ಆಗಬಹುದು. ಮಗ ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸಿದ, ಯಾವಾಗ ಬೆನ್ನು ತಿರುಗಿಸಿದ ಎಂದು ಕೇಳಿ ನೋಡಿ. ಹೇಳಬಲ್ಲರಾದರೆ ಅವರು ನಾಟಕದೊಳಗೇ ಇದ್ದರು.

‘ರುಚಿ ಅವರವರದು, ಚರ್ಚೆ ಏಕೆ?’ ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೂ ಇಲ್ಲೇ ದಾರಿಯಿದೆ. 1757ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ಒಳ್ಳೆಯ ತೀರ್ಪುಗಾರನಿಗೆ ಕೇಳಿದ್ದು ಗಟ್ಟಿ ಬುದ್ಧಿ, ಸೂಕ್ಷ್ಮ ಸಂವೇದನೆ, ಅಭ್ಯಾಸ, ಹೋಲಿಕೆ, ಪೂರ್ವಗ್ರಹದಿಂದ ಬಿಡುಗಡೆ. ಅತ್ತದ್ದರ ಬಗ್ಗೆ ವಾದ ಸಾಧ್ಯವಿಲ್ಲ; ಈ ಐದರ ಬಗ್ಗೆ ಸಾಧ್ಯ. ‘ನನಗೆ ಹಿಡಿಸಿತು’ ಎಂದಷ್ಟೇ ಹೇಳಿದವರನ್ನು ಯಾರೂ ತಡೆಯಲಾರರು. ‘ಚೆನ್ನಾಗಿದೆ’ ಎಂದವರು ಏನನ್ನು ನೋಡಿ ಹಾಗೆಂದರೆಂದು ತೋರಿಸಬೇಕಾಗುತ್ತದೆ.

ಕೆಲವು ತಿಂಗಳು ಬಿಟ್ಟು ಅದೇ ನಾಟಕವನ್ನು ಮತ್ತೆ ನೋಡಿ. ಈ ಸಲ ಆ ಮಗನ ಕೈಗಳ ಮೇಲೆ ಕಣ್ಣಿಡಿ.