ಹ್ಯಾಮೆಟ್ ಬರೆಯುವುದು ಯಾಕೆ ನಿಲ್ಲಿಸಿದ?

ಪ್ರಿಯ ಓದುಗರೇ,

ಡ್ಯಾಶಿಯಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿ 'ದಿ ಮಾಲ್ಟೀಸ್ ಫಾಲ್ಕನ್' ರಾತ್ರಿಯೆಲ್ಲ ಕೂತು ಓದಿ ಮುಗಿಸಿದಿರಂತೆ. ಈತ ನಿಜವಾಗಿಯೂ ಪತ್ತೇದಾರನಾಗಿದ್ದನಾ, ಐದೇ ಕಾದಂಬರಿಗೆ ಯಾಕೆ ನಿಲ್ಲಿಸಿದ ಅಂತ ಕೇಳಿದ್ದೀರಿ.

ಆಗಿದ್ದ. ಹುಟ್ಟಿದ್ದು 1894ರಲ್ಲಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ. ಚಿಕ್ಕಂದಿನಲ್ಲೇ ಸ್ಕೂಲು ಬಿಟ್ಟು, ಸಿಕ್ಕ ಕೆಲಸ ಮಾಡಿಕೊಂಡಿದ್ದವನು 1915ರಲ್ಲಿ ಪಿಂಕರ್ಟನ್ ಪತ್ತೇದಾರಿ ಸಂಸ್ಥೆ ಸೇರಿದ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಹೋಗಿ ಕ್ಷಯ ಅಂಟಿಸಿಕೊಂಡ. ಅಲೆದಾಟದ ಕೆಲಸ ಮೈಗೆ ಒಗ್ಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಂಡತಿ, ಕೂಸು, ಕೈಯಲ್ಲಿ ಕಾಸಿಲ್ಲ. ಕೂತಲ್ಲೇ ಮಾಡುವ ಕೆಲಸ ಅಂತ 'ಬ್ಲ್ಯಾಕ್ ಮಾಸ್ಕ್' ಎಂಬ ಅಗ್ಗದ ಪತ್ರಿಕೆಗೆ ಕತೆ ಬರೆಯತೊಡಗಿದ.

ಪಿಂಕರ್ಟನ್ ನೌಕರಿಯಿಂದ ಅವನಿಗೆ ಸಿಕ್ಕ ದೊಡ್ಡ ಆಸ್ತಿ ರಿಪೋರ್ಟು ಬರೆಯುವ ಅಭ್ಯಾಸ ಅಂತ ನನ್ನ ಲೆಕ್ಕ. ಬೆನ್ನುಹತ್ತಿದವನು ಎಲ್ಲಿ ಹೋದ, ಏನಂದ, ಅಷ್ಟೇ ಬರೆಯಬೇಕು. ಅವನ ಮನಸ್ಸಿನಲ್ಲಿ ಏನಿತ್ತು ಅನ್ನೋದು ಬೇಡ. 'ಮಾಲ್ಟೀಸ್ ಫಾಲ್ಕನ್'ನ ಎರಡನೇ ಅಧ್ಯಾಯ ಇನ್ನೊಮ್ಮೆ ತೆರೆದು ನೋಡಿ. ರಾತ್ರಿ ಹೊತ್ತು ಫೋನ್ ಬರುತ್ತದೆ. ಪಾಲುದಾರ ಸತ್ತ ಸುದ್ದಿ. ಕತೆಯ ಪತ್ತೇದಾರ ಸ್ಯಾಮ್ ಸ್ಪೇಡ್ ಹಾಸಿಗೆಯ ಅಂಚಿನಲ್ಲಿ ಕೂತು ಸಿಗರೇಟು ಸುತ್ತುತ್ತಾನೆ. ಕಾಗದಕ್ಕೆ ತಂಬಾಕು ಉದುರಿಸುವುದು, ಸಮ ಮಾಡುವುದು, ಬೆರಳಲ್ಲಿ ಉರುಳಿಸುವುದು, ಅಂಚಿಗೆ ನಾಲಿಗೆ ತಾಗಿಸುವುದು, ಒಂದೂ ಬಿಡದೆ ಬರುತ್ತದೆ. ದುಃಖವಾಯ್ತಾ, ಹಾಳಾಗಿ ಹೋಗಲಿ ಅನ್ನಿಸಿತಾ? ಸುಳಿವೇ ಇಲ್ಲ. ಕೊನೆಯವರೆಗೂ ಅವನ ತಲೆಯೊಳಕ್ಕೆ ನಮಗೆ ಪ್ರವೇಶವಿಲ್ಲ. ಕತೆಯ ನಾಯಕಿ ಬ್ರಿಜಿಡ್ ಮೇಲೆ ಅವನಿಗೆ ಪ್ರೀತಿ ಇತ್ತಾ ಇಲ್ವಾ ಅಂತ ಓದಿದವರು ಈಗಲೂ ಜಗಳ ಆಡುವುದು ಅದಕ್ಕೇ. ಕೊಲೆಯನ್ನು ಶ್ರೀಮಂತರ ಹಜಾರದಿಂದ ಎತ್ತಿ ಗಲ್ಲಿಗೆ ತಂದವನು ಅಂತ ಇನ್ನೊಬ್ಬ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ 1944ರಲ್ಲಿ ಮೆಚ್ಚಿಕೊಂಡದ್ದು ಸರಿಯೇ. ನನಗೆ ಮಾತ್ರ ಈ ಬಾಯಿ ಬಿಡದ ಗುಣವೇ ಜಾಸ್ತಿ ಇಷ್ಟ.

ಇನ್ನು ಎರಡನೇ ಪ್ರಶ್ನೆ. ಐದೂ ಕಾದಂಬರಿ ಪುಸ್ತಕವಾಗಿ ಬಂದದ್ದು 1929ರಿಂದ 1934ರೊಳಗೆ. ಆಮೇಲೆ 1961ರಲ್ಲಿ ಸಾಯುವವರೆಗೆ ಇನ್ನೊಂದು ಬರಲಿಲ್ಲ. ಕುಡಿತ ಅಂತಾರೆ, ಹಾಲಿವುಡ್ ದುಡ್ಡು ಅಂತಾರೆ. ಎರಡೂ ಇತ್ತು. ಆದರೆ ಚೆನ್ನಾಗಿ ಬರೆಯುತ್ತಿದ್ದಾಗಲೂ ಕುಡಿಯುತ್ತಿದ್ದ, ಅಲ್ವಾ? ಕುಡಿತ ಬಿಟ್ಟ ಮೇಲೂ 'ಟ್ಯುಲಿಪ್' ಅಂತ ಒಂದನ್ನು ಶುರು ಮಾಡಿ ಅರ್ಧಕ್ಕೇ ಕೈಬಿಟ್ಟ. ಹಾಗಾಗಿ ಎಲ್ಲವನ್ನೂ ಬಾಟಲಿಯ ತಲೆಗೆ ಕಟ್ಟಲು ನಾನು ತಯಾರಿಲ್ಲ. ಅವನಂತೂ ಬಾಯಿ ಬಿಡುವ ಪೈಕಿ ಅಲ್ಲ. 1951ರಲ್ಲಿ, ಕಮ್ಯುನಿಸ್ಟರ ಜಾಮೀನು ನಿಧಿಗೆ ಹಣ ಕೊಟ್ಟವರು ಯಾರು ಅಂತ ಕೋರ್ಟು ಕೇಳಿತು. ಒಂದು ಹೆಸರೂ ಹೇಳದೆ ಜೈಲಿಗೆ ಹೋಗಿ ಕೂತ.

ಮುಂದೆ 'ರೆಡ್ ಹಾರ್ವೆಸ್ಟ್' ಓದಿ. ಕೊಳೆತುಹೋದ ಒಂದು ಗಣಿ ಊರಿನ ಕತೆ. ಹೇಳುವ ಪತ್ತೇದಾರನಿಗೆ ಹೆಸರೇ ಇಲ್ಲ. ಬಿದ್ದ ಹೆಣಗಳ ಲೆಕ್ಕ ಮಾತ್ರ ಇಡಲು ಹೋಗಬೇಡಿ, ತಪ್ಪುತ್ತದೆ.

- ಸಂ.